ಕಾಶಿಯ ಬೀದಿಯಲ್ಲಿ ಕಿರುಚುವ ಬ್ರೇಕು

ರಥಯಾತ್ರಾ ಚೌಕದಿಂದ ಗೋದೌಲಿಯಾಕ್ಕೆ ಎರಡು ಕಿಲೋಮೀಟರ್ ಕೂಡ ಆಗುವುದಿಲ್ಲ. ಗುರುಬಾಗ್, ಲಕ್ಸಾ, ಗಿರಿಜಾಘರ್ ದಾಟಿದರೆ ಗೋದೌಲಿಯಾ ಬಂತು. ಕಾರ್ತಿಕ ಮಾಸದ ಸಂಜೆ ಈ ದಾರಿಯಲ್ಲಿ ಕಾರು ಓಡಿಸುವವರ ಬಲಗಾಲು ಆಕ್ಸಿಲರೇಟರ್ ಮೇಲಿರುವುದಕ್ಕಿಂತ ಬ್ರೇಕಿನ ಮೇಲಿರುವುದೇ ಹೆಚ್ಚು. ಮುಂದೆ ಇ-ರಿಕ್ಷಾಗಳ ಸಾಲು, ಪಕ್ಕದಲ್ಲಿ ಹಾಲಿನ ಕ್ಯಾನು ತೂಗುಹಾಕಿಕೊಂಡ ಬೈಕು, ನಟ್ಟನಡುವೆ ಯಾರಿಗೂ ದಾರಿ ಬಿಡದ ಗೂಳಿ. ಹತ್ತಡಿ ಸಾಗುವುದು, ನಿಲ್ಲುವುದು. ಮತ್ತೆ ಐದಡಿ, ಮತ್ತೆ ನಿಲ್ಲುವುದು. ಗೇರು ಎರಡನ್ನು ದಾಟುವುದೇ ಅಪರೂಪ. ನೆತ್ತಿಯ ಮೇಲೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಗೋದೌಲಿಯಾವರೆಗಿನ ರೋಪ್‌ವೇ ಕಂಬಗಳು. 2023ರಲ್ಲಿ ಅದಕ್ಕೆ ಶಂಕುಸ್ಥಾಪನೆ ಆದಾಗಿನಿಂದ ಅಗೆದ ಮಣ್ಣಿನ ಧೂಳೂ ಈ ರಸ್ತೆಯ ಪಾಲಿಗೆ ಸೇರಿಕೊಂಡಿದೆ.

ಈ ದಾರಿಯಲ್ಲೇ ನನ್ನ ತಂಗಿಯ ಕಾರು ಕಿರುಚುತ್ತಿತ್ತು. ಪೆಡಲ್ಲನ್ನು ಮೆಲ್ಲಗೆ ಒತ್ತಿದರೆ ಸಾಕು, ಮುಂದಿನ ಚಕ್ರದಿಂದ ಕಿವಿಗೆ ಚುಚ್ಚುವ ಹಾಗೆ ಕೀಂ ಎನ್ನುವ ಸದ್ದು. ನಿಲ್ಲುವ ಹೊತ್ತಿಗೆ ಹಿಂದಿನಿಂದ ಇನ್ನೊಂದು, ತಗ್ಗು ದನಿಯ ನರಳಾಟ. ರಿಕ್ಷಾದವರು ತಿರುಗಿ ನೋಡುತ್ತಿದ್ದರು. "ಅಣ್ಣ, ಇನ್ನೂ ಒಂದೂವರೆ ವರ್ಷ ಆಗಿಲ್ಲ, ಒಂಬತ್ತು ಸಾವಿರ ಕಿಲೋಮೀಟರ್ ಓಡಿದೆ ಅಷ್ಟೆ. ಆಗಲೇ ಹೀಗೆ ಕೂಗ್ತಾ ಇದೆ" ಅಂದಳು. ಭಾವ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾರೆ. ಮನೆ ಇಲ್ಲಿನ ಲಂಕಾ ಬಡಾವಣೆಯಿಂದ ಕೆಳಗೆ, ಸಾಮ್ನೇ ಘಾಟ್ ಕಡೆ. ಕಾರು ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ ಇರುವ ಸಣ್ಣ ಗಾಡಿ. ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹುಪಾಲು ಹೀಗೇ. ಸರ್ವೀಸ್ ಸೆಂಟರಿನವರು ಒಂದು ಸುತ್ತು ಓಡಿಸಿ ನೋಡಿ, ಚಕ್ರವನ್ನೂ ಬಿಚ್ಚದೆ, ಮುಂದಿನ ಎರಡು ಡಿಸ್ಕು ಮತ್ತು ಪ್ಯಾಡುಗಳನ್ನು ಬದಲಿಸಬೇಕೆಂದು ಅಂದಾಜು ಪಟ್ಟಿ ಕೊಟ್ಟಿದ್ದರು. ಪ್ಯಾಡು ಸವೆಯುವ ಭಾಗ, ವಾರಂಟಿ ಬರುವುದಿಲ್ಲ ಎಂದೂ ಹೇಳಿದ್ದರು. ಪ್ಯಾಡಿಗೆ ವಾರಂಟಿ ಇಲ್ಲದಿರುವುದು ಎಲ್ಲ ಕಡೆಯ ಪದ್ಧತಿ, ಅದರಲ್ಲಿ ತಕರಾರಿಲ್ಲ. ನೋಡದೆ ಬದಲಿಸುವುದರಲ್ಲಿ ನನಗೆ ತಕರಾರಿದೆ. ಬ್ರೇಕಿನ ಸದ್ದಿಗೆ ಹತ್ತು ಕಾರಣಗಳಿವೆ. ಅವುಗಳಲ್ಲಿ ಒಂದೆರಡು ಪ್ರಾಣಕ್ಕೆ ಸಂಬಂಧಿಸಿದವು, ಮೂರು ನಾಲ್ಕು ಏನೂ ಅಲ್ಲದವು, ಉಳಿದವು ಧೂಳು ಒರೆಸಿ ಗ್ರೀಸ್ ಹಚ್ಚಿದರೆ ಹೋಗುವಂಥವು. ಯಾವುದು ಯಾವುದೆಂದು ತಿಳಿಯಬೇಕಾದರೆ ಕಿವಿ ಕೊಡಬೇಕು, ಆಮೇಲೆ ಚಕ್ರ ಬಿಚ್ಚಬೇಕು. ಕಾರು ಓಡಾಡುವ ಊರನ್ನೂ ನೋಡಬೇಕು.

ಗೋದೌಲಿಯಾದಿಂದ ಮುಂದೆ ದಶಾಶ್ವಮೇಧದ ಕಡೆ ಕಾರು ಬಿಡುವುದಿಲ್ಲ. ಹಾಗಾಗಿ ಬೇನಿಯಾಬಾಗಿನ ನೆಲಮಾಳಿಗೆ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿ ಜಂಗಮವಾಡಿಯ ಕಡೆ ನಡೆದೆವು. ಗೋದೌಲಿಯಾದಿಂದ ಮದನಪುರಕ್ಕೆ ಹೋಗುವ ರಸ್ತೆಯಲ್ಲಿರುವ ಜಂಗಮವಾಡಿ ಮಠ ವೀರಶೈವ ಪಂಚಪೀಠಗಳಲ್ಲಿ ಒಂದು. ಹೆಬ್ಬಾಗಿಲು ದಾಟಿ ಒಳಗೆ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ. ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯ ಯಾತ್ರಿಕರು ಚೀಲ ಒರಗಿಸಿಕೊಂಡು ಕೂತಿರುತ್ತಾರೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲು ಶುರುವಾದ ಮೇಲೆ ರೈಲಿನಲ್ಲಿ ಬರುವವರು ಜಾಸ್ತಿಯಾಗಿದ್ದಾರೆ, ಆದರೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ರಸ್ತೆ ಮೇಲೆ ಬರುವವರೂ ಕಡಿಮೆಯಾಗಿಲ್ಲ. ರಸ್ತೆಯ ನಂಟು ಹಳೆಯದು. ಹಳೆಯ ಎಣಿಕೆಯ ರಾಷ್ಟ್ರೀಯ ಹೆದ್ದಾರಿ 7 ಹೊರಡುತ್ತಿದ್ದದ್ದೇ ಈ ವಾರಾಣಸಿಯಿಂದ. ರೇವಾ, ಜಬಲ್ಪುರ, ನಾಗಪುರ, ಹೈದರಾಬಾದು, ಬೆಂಗಳೂರು ಹಾದು ಕನ್ಯಾಕುಮಾರಿ ಮುಟ್ಟುವ 2,369 ಕಿಲೋಮೀಟರ್ ದಾರಿ ಅದು. ಬೆಂಗಳೂರಿನವರು ಹೊಸೂರಿಗೋ ದೇವನಹಳ್ಳಿಗೋ ಹೋಗುವಾಗ ಹಿಡಿಯುತ್ತಿದ್ದ ಆ ರಸ್ತೆಯ ತಲೆ ಇದ್ದದ್ದು ಕಾಶಿಯಲ್ಲಿ.

ಮಠದ ಅಂಗಳದಲ್ಲಿ ಅಂಥದೊಂದು ಟ್ರಾವೆಲರ್ ಓಡಿಸಿಕೊಂಡು ಬಂದ ಡ್ರೈವರ್ ಸಿಕ್ಕರು. ಗಾಡಿಯನ್ನು ಊರ ಹೊರಗೆ ಬಿಟ್ಟು ಯಾತ್ರಿಕರ ಜೊತೆ ನಡೆದು ಬಂದಿದ್ದರು. ನಮ್ಮ ಮಾತು ಕಿವಿಗೆ ಬಿದ್ದು ತಾವೇ ಹತ್ತಿರ ಬಂದರು. "ಸರ, ಬ್ರೇಕ್ ಒದರಾಕತ್ತೈತಿ ಅಂದಕೂಡ್ಲೆ ಪ್ಯಾಡ್ ಹೋಗ್ಯಾವ ಅಂತ ತಿಳೀಬ್ಯಾಡ್ರಿ. ಯಾವಾಗ ಒದರತೈತಿ, ಯಾವ ಗಾಲಿ ಒದರತೈತಿ, ಅದನ್ನ ಮೊದಲ ನೋಡ್ರಿ." ಆಮೇಲೆ ತಂಗಿಯನ್ನು ಒಂದೊಂದೇ ಪ್ರಶ್ನೆ ಕೇಳಿದರು. ಮುಂಜಾನೆ ಮೊದಲ ಸಲ ಒತ್ತಿದಾಗಲೋ, ದಿನವಿಡೀ ಆಗುತ್ತದೋ? ಮೆಲ್ಲಗೆ ಒತ್ತಿದಾಗಲೋ, ಗಟ್ಟಿಯಾಗಿ ಒತ್ತಿದಾಗಲೋ? ಕಾಲು ತೆಗೆದರೂ ಸದ್ದು ಇರುತ್ತದೋ? ರಿವರ್ಸ್ ಹೋಗುವಾಗ? ಗಾಡಿ ಒಂದು ಕಡೆ ಎಳೆಯುತ್ತದೋ? ಗಾಡಿಯನ್ನು ನೋಡದೆಯೇ ಅರ್ಧ ರೋಗ ಹಿಡಿಯುವ ರೀತಿ ಇದು. ನಾನು ನೋಡಿದ ಒಳ್ಳೆಯ ಮೆಕ್ಯಾನಿಕ್ಕುಗಳೆಲ್ಲ ಹೀಗೇ ಕೇಳುತ್ತಾರೆ.

ಒಂದೊಂದು ಉತ್ತರಕ್ಕೂ ಒಂದೊಂದು ಅರ್ಥ ಇದೆ. ಬೆಳಿಗ್ಗೆ ಮೊದಲ ಎರಡು ಮೂರು ಸಲ ಕಿರುಗುಟ್ಟಿ ಆಮೇಲೆ ಸುಮ್ಮನಾದರೆ ಅದು ರಾತ್ರಿಯ ಇಬ್ಬನಿಯ ಕೆಲಸ. ಡಿಸ್ಕು ಬೂದು ಬಣ್ಣದ ಎರಕದ ಕಬ್ಬಿಣ. ಗಂಗೆಯ ದಡದ ತೇವಕ್ಕೆ ಒಂದೇ ರಾತ್ರಿಯಲ್ಲಿ ಕೆಂಪಗೆ ತೆಳ್ಳನೆ ತುಕ್ಕು ಹಿಡಿಯುತ್ತದೆ, ಪ್ಯಾಡು ಅದನ್ನು ಉಜ್ಜಿ ತೆಗೆಯುವಷ್ಟು ಹೊತ್ತು ಸದ್ದಿರುತ್ತದೆ. ಪುಷ್ಯ ಮಾಸದ ಮಂಜಿನಲ್ಲಿ ಕಾಶಿಯ ಎಲ್ಲ ಕಾರಿಗೂ ಇದು ಇದ್ದದ್ದೇ, ಖರ್ಚು ಮಾಡಬೇಕಾಗಿಲ್ಲ. ಬ್ರೇಕು ಒತ್ತದೆಯೂ ಗಾಡಿ ಉರುಳುವಾಗ ಸಣ್ಣಗೆ ಕಿರ್ರೆನ್ನುತ್ತಿದ್ದರೆ, ಒತ್ತಿದಾಗ ಆ ದನಿ ಬದಲಾದರೆ, ಅದಕ್ಕೆ ತಕ್ಷಣ ಕಿವಿಗೊಡಬೇಕು. ಬಹಳ ಪ್ಯಾಡುಗಳಿಗೆ ಸ್ಪ್ರಿಂಗ್ ಉಕ್ಕಿನ ಚಿಕ್ಕ ನಾಲಿಗೆಯೊಂದನ್ನು ಬೇಕೆಂದೇ ಇಟ್ಟಿರುತ್ತಾರೆ. ಪ್ಯಾಡು ಸವೆದು ಎರಡು ಮೂರು ಮಿಲಿಮೀಟರಿಗೆ ಬಂದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೂಗುತ್ತದೆ. ಅದನ್ನು ಅಲಕ್ಷಿಸಿದರೆ ಮುಂದೆ ಬರುವುದು ಗರಗರ ಎಂಬ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಆ ಸದ್ದು ಬಂದ ಮೇಲೆ ಗಾಡಿಯನ್ನು ಓಡಿಸಲೇಬಾರದು, ಎಳೆದುಕೊಂಡೇ ಹೋಗಬೇಕು. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿ ಸಿಕ್ಕಿಕೊಂಡರೂ ಒತ್ತದೆಯೇ ಸದ್ದು ಬರುತ್ತದೆ, ರಸ್ತೆ ಅಗೆದ ಊರಿನಲ್ಲಿ ಇದು ಮಾಮೂಲು. ಗಾಡಿ ಒಂದೇ ಕಡೆ ಎಳೆದು, ಒಂದು ಚಕ್ರ ಮಾತ್ರ ಸುಡುತ್ತಿದ್ದು, ಸುಟ್ಟ ವಾಸನೆ ಬಂದರೆ ಕ್ಯಾಲಿಪರ್ ಹಿಡಿದುಕೊಂಡಿದೆ ಎಂದು ಅರ್ಥ. ಪೆಡಲ್ಲು ಕಾಲಿನ ಕೆಳಗೆ ಅದುರುವುದು ಬೇರೆಯೇ ಕಾಯಿಲೆ, ಕಿರುಚುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ.

ತಂಗಿಯ ಉತ್ತರ: ದಿನವಿಡೀ ಆಗುತ್ತದೆ, ಮೆಲ್ಲಗೆ ಒತ್ತಿದಾಗ ಮಾತ್ರ, ಜೋರಾಗಿ ಒತ್ತಿದರೆ ಇಲ್ಲ, ಕಾಲು ತೆಗೆದರೆ ಇಲ್ಲ. ಹಾಗಾದರೆ ಪ್ಯಾಡು ಮುಗಿದಿರುವ ಸಂಭವ ಕಡಿಮೆ. ಹಿಂದಿನ ನರಳಾಟಕ್ಕೆ ಡ್ರೈವರು ಒಂದು ಉಪಾಯ ಹೇಳಿಕೊಟ್ಟರು. ಖಾಲಿ ಜಾಗದಲ್ಲಿ ಉದ್ದನೆಯ ಗೋಡೆಯ ಪಕ್ಕ ಕಿಟಕಿ ಇಳಿಸಿಕೊಂಡು ನಡಿಗೆಯ ವೇಗದಲ್ಲಿ ಹೋಗಬೇಕು. ಕಾಲಿನ ಬ್ರೇಕು ಮುಟ್ಟದೆ ಹ್ಯಾಂಡ್‌ಬ್ರೇಕನ್ನು, ಅದರ ಗುಂಡಿ ಒತ್ತಿಹಿಡಿದುಕೊಂಡೇ, ಸ್ವಲ್ಪ ಸ್ವಲ್ಪ ಎಳೆಯಬೇಕು. ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ ಆಗ ಕೇಳುವ ಸದ್ದು ಹಿಂದಿನದೇ. ಗೋಡೆ ಸದ್ದನ್ನು ತಿರುಗಿ ಕೊಡುವುದರಿಂದ ಎಡವೋ ಬಲವೋ ಅದೂ ತಿಳಿಯುತ್ತದೆ. ಬೆಳಗಿನ ಜಾವ ಕಂಟೋನ್ಮೆಂಟ್ ಕಡೆಯ ಖಾಲಿ ರಸ್ತೆಯಲ್ಲಿ ಒಂದು ಕಾಂಪೌಂಡ್ ಗೋಡೆ ಹುಡುಕಿ ಹೀಗೇ ಮಾಡಿದೆವು. ನರಳುತ್ತಿದ್ದದ್ದು ಹಿಂದಿನ ಎರಡೂ ಡ್ರಮ್ಮು. ಕಿರುಚುತ್ತಿದ್ದದ್ದು ಮುಂದಿನ ಎಡ ಚಕ್ರ ಒಂದೇ. ಎರಡು ಡಿಸ್ಕೂ ಬದಲಿಸಿ ಎಂದಿದ್ದ ಪಟ್ಟಿಗೆ ಇಷ್ಟರಲ್ಲೇ ಬಲ ಕಡಿಮೆಯಾಯಿತು.

ಆಮೇಲೆ ಹೊರಟದ್ದು ಪಾರ್ಟ್ಸ್ ಪೇಟೆಯ ಕಡೆ. ಬೇನಿಯಾಬಾಗಿನಿಂದ ಉತ್ತರಕ್ಕೆ ನಡೆದರೆ ಕಬೀರ್ ಚೌರಾ. ಕಬೀರರ ಮಠ ಇರುವುದು ಇಲ್ಲಿ. ಬನಾರಸ್ ಘರಾನೆಯ ತಬಲಾ, ಠುಮ್ರಿ, ಕಥಕ್‌ಗಳ ದೊಡ್ಡ ಹೆಸರುಗಳು ಈ ಗಲ್ಲಿಗಳಿಂದ ಬಂದವು. ಕಿಶನ್ ಮಹಾರಾಜರು ಇಲ್ಲಿಯವರು, ರಾಜನ್-ಸಾಜನ್ ಮಿಶ್ರಾ ಇಲ್ಲಿಯವರು. ಸಾರಂಗಿಯ ಗೋಪಾಲ ಮಿಶ್ರರು, ಹನುಮಾನ್ ಪ್ರಸಾದ್ ಮಿಶ್ರರು ಈ ಊರಿನ ಹೆಮ್ಮೆ. ಬ್ರೇಕಿನ ಲೇಖನದಲ್ಲಿ ಸಾರಂಗಿ ಏಕೆಂದರೆ, ಬ್ರೇಕು ಕಿರುಚುವುದೂ ಸಾರಂಗಿ ನುಡಿಯುವುದೂ ಒಂದೇ ಭೌತಶಾಸ್ತ್ರ. ರಾಳ ಹಚ್ಚಿದ ಕಮಾನಿನ ಕೂದಲು ತಂತಿಗೆ ಅಂಟಿಕೊಂಡು ಅದನ್ನು ತನ್ನ ಜೊತೆ ಎಳೆಯುತ್ತದೆ, ಎಳೆತ ಮಿತಿ ಮೀರಿದಾಗ ತಂತಿ ಜಾರಿ ಹಿಂದಕ್ಕೆ ಹೋಗುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಅಂಟಿ ಜಾರಿ ಆಗುವುದೇ ನಾದ. ಪ್ಯಾಡು ಡಿಸ್ಕಿನ ಮೇಲೆ ಮಾಡುವುದೂ ಇದನ್ನೇ, ಆದರೆ ಸೆಕೆಂಡಿಗೆ ಸಾವಿರಾರು ಸಲ. ಸಾರಂಗಿಯಲ್ಲಿ ಕಮಾನು ಮುಟ್ಟದ ತರಬ್ ತಂತಿಗಳೂ ಮುಖ್ಯ ತಂತಿಯ ಸ್ವರಕ್ಕೆ ಓಗೊಟ್ಟು ನುಡಿಯುತ್ತವಲ್ಲ, ಹಾಗೆ ಪ್ಯಾಡಿನ ಕಂಪನಕ್ಕೆ ಡಿಸ್ಕು, ಕ್ಯಾಲಿಪರ್ ಎಲ್ಲ ಓಗೊಡುತ್ತವೆ. ಇವುಗಳ ಸಹಜ ಕಂಪನಾಂಕಗಳು ಒಂದಕ್ಕೊಂದು ಹತ್ತಿರ ಬಂದಾಗ ಡಿಸ್ಕು ಧ್ವನಿವರ್ಧಕದ ಹಾಗೆ ವರ್ತಿಸುತ್ತದೆ. ಬ್ರೇಕಿನ ಕಿರುಚು ಸುಮಾರು ಒಂದು ಸಾವಿರ ಹರ್ಟ್ಸ್‌ನಿಂದ ಹದಿನಾರು ಸಾವಿರದವರೆಗೂ ಇರಬಹುದು. ನಮ್ಮ ಕಿವಿ ಬಹಳ ಚುರುಕಾಗಿರುವುದು ಎರಡರಿಂದ ಐದು ಸಾವಿರದ ನಡುವೆ. ಅದೇ ಜಾಗಕ್ಕೆ ಬೀಳುವುದರಿಂದಲೇ ಆ ಸದ್ದನ್ನು ಸಹಿಸುವುದು ಅಷ್ಟು ಕಷ್ಟ.

ಡಿಸ್ಕ್ ಬ್ರೇಕು ಹುಟ್ಟಿದಾಗಲೂ ಕಿರುಚುತ್ತಲೇ ಹುಟ್ಟಿತು. ಇಂಗ್ಲೆಂಡಿನ ಫ್ರೆಡ್ರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಪ್ಯಾಡಿಗೆ ಹಾಕಿದ್ದು ತಾಮ್ರ. ತಾಮ್ರ ಡಿಸ್ಕಿಗೆ ತಾಗಿದಾಗ ಆಗುತ್ತಿದ್ದ ಸದ್ದು ಸಹಿಸಲಾಗದಂಥದು. ಅದು ಎಲ್ಲರ ಕಾರಿಗೂ ಬರುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು; 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಲೆ ಮಾನ್ಸ್ ರೇಸು ಗೆದ್ದ ಮೇಲೆ ಜಗತ್ತು ಇದರ ಕಡೆ ತಿರುಗಿತು. ಈಗಿನ ಪ್ಯಾಡಿನ ಬೆನ್ನಿಗೆ ಅಂಟಿಸುವ ತೆಳು ಶಿಮ್ಮು, ಅಂಚನ್ನು ಓರೆಯಾಗಿ ಕೊಯ್ದಿರುವುದು, ನಡುವೆ ಸೀಳಿದ ಗೀರು, ಇವೆಲ್ಲ ಮುಖ್ಯವಾಗಿ ಆ ಕಿರುಚನ್ನು ಅಡಗಿಸಲು ಮಾಡಿದ ಏರ್ಪಾಡುಗಳು. ಅಗ್ಗದ ಪ್ಯಾಡು ಕೊಂಡವರಿಗೆ ಮೊದಲು ಇಲ್ಲವಾಗುವುದು ಇವೇ.

ಕಬೀರ್ ಚೌರಾ ದಾಟಿದರೆ ಲಹುರಾಬೀರ್. ಕ್ವೀನ್ಸ್ ಕಾಲೇಜಿನ ಈ ಚೌಕದಿಂದ ಮಲ್ದಹಿಯಾದ ಪಟೇಲ್ ಪ್ರತಿಮೆಯವರೆಗಿನ ಆಸುಪಾಸು ಬನಾರಸಿನ ಮೋಟಾರು ಪಾರ್ಟ್ಸಿನ ಪೇಟೆ. ಬೆಂಗಳೂರಿನ ಜೆ.ಸಿ. ರಸ್ತೆ ಕಂಡವರಿಗೆ ಹೊಸದೆನಿಸದು. ಅಂಗಡಿಗಳ ಮುಂದೆ ಬೆಲ್ಟು, ಟ್ಯೂಬು, ಹಾರ್ನು ತೂಗುತ್ತಿರುತ್ತವೆ. ಒಳಗೆ ಗೋಡೆಯುದ್ದ ರಟ್ಟಿನ ಪೆಟ್ಟಿಗೆಗಳು. ಮುಂದೆ ಫುಟ್‌ಪಾತಿನ ಮೇಲೆ ಬಿಚ್ಚಿದ ಗೇರ್‌ಬಾಕ್ಸುಗಳು. ಯಾರು ಬಂದರೂ "ಕಾ ಗುರು" ಎಂದೇ ಮಾತು ಶುರು. ಕಾರಿನ ಮಾಡೆಲ್ಲು ಹೇಳಿದರೆ ಅಂಗಡಿಯವರು ಮೂರು ಬೆಲೆಯ ಮೂರು ಪೆಟ್ಟಿಗೆ ಇಳಿಸಿ ಎದುರಿಗಿಡುತ್ತಾರೆ.

ಪ್ಯಾಡಿನಲ್ಲಿ ಸ್ಥೂಲವಾಗಿ ಮೂರು ಜಾತಿ. ನಾರು, ರಾಳ, ರಬ್ಬರು ಸೇರಿಸಿದ್ದು ಮೆತ್ತಗಿರುತ್ತದೆ, ಸದ್ದು ಕಡಿಮೆ, ಬೇಗ ಸವೆಯುತ್ತದೆ. ಉಕ್ಕಿನ ನೂಲು, ಕಬ್ಬಿಣದ ಪುಡಿ ಹೆಚ್ಚಿರುವುದು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಘಾಟಿ ಇಳಿಯುವವರಿಗೆ ಒಳ್ಳೆಯದು, ಆದರೆ ನಿಧಾನದ ಓಡಾಟದಲ್ಲಿ ಮಾತಾಡುವುದೂ ಅದೇ. ಸೆರಾಮಿಕ್ ಎಂಬುದು ತುಟ್ಟಿ, ಸದ್ದೂ ಧೂಳೂ ಕಡಿಮೆ. ಅಂಗಡಿಯವರು ಸೆರಾಮಿಕ್ ಹಾಕಿಸಿಬಿಡಿ ಎಂದು ಒತ್ತಾಯ ಮಾಡಿದರು. ಸೆರಾಮಿಕ್ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದೆಲ್ಲ ಸೆರಾಮಿಕ್ ಆಗಿರುವುದಿಲ್ಲ. ನಕಲಿ ಮಾಲು ದೇಶದ ಎಲ್ಲ ಪಾರ್ಟ್ಸ್ ಪೇಟೆಯಲ್ಲೂ ಇದೆ, ಬ್ರೇಕಿನ ವಿಷಯದಲ್ಲಿ ಅದು ಅಪರಾಧಕ್ಕೆ ಸಮ ಎಂದೇ ನನ್ನ ನಂಬಿಕೆ. ಅಸಲಿ ಪೆಟ್ಟಿಗೆಗೆ ಸೀಲು, ಬ್ಯಾಚ್ ಸಂಖ್ಯೆ ಇರುತ್ತದೆ. ಪ್ಯಾಡಿನ ಉಕ್ಕಿನ ಬೆನ್ನ ಮೇಲೂ ಸಂಖ್ಯೆ ಒತ್ತಿರುತ್ತಾರೆ. ಅಂಚು ನಯವಾಗಿರುತ್ತದೆ, ಉಗುರಿಗೆ ಪುಡಿ ಉದುರುವುದಿಲ್ಲ. ಬಿಲ್ಲು ಕೊಡದ ಅಂಗಡಿಯಲ್ಲಿ ಬ್ರೇಕಿನ ಸಾಮಾನು ಕೊಳ್ಳಲೇಬಾರದು. ನಾವು ಅಲ್ಲಿ ಕೊಂಡದ್ದು ಒಂದು ಡಬ್ಬಿ ಬ್ರೇಕ್ ಕ್ಲೀನರ್ ಸ್ಪ್ರೇ, ಕ್ಯಾಲಿಪರಿನ ಪಿನ್ನಿಗೆ ಹಾಕುವ ಸಿಲಿಕೋನ್ ಗ್ರೀಸಿನ ಸಣ್ಣ ಪೊಟ್ಟಣ, ಅದೇ ಪಿನ್ನಿನ ರಬ್ಬರ್ ಟೋಪಿಯ ಜೊತೆ. ಹಳೆಯ ಡಬ್ಬಿಯ ಮಾಮೂಲಿ ಗ್ರೀಸು ಇಲ್ಲಿಗೆ ಆಗದು. ಪೆಟ್ರೋಲಿಯಂ ಗ್ರೀಸು ತಾಗಿದರೆ ಆ ರಬ್ಬರು ಉಬ್ಬಿ ಪಿನ್ನನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ.

ಗ್ಯಾರೇಜು ಮಲ್ದಹಿಯಾದ ಹಿಂದಿನ ಗಲ್ಲಿಯಲ್ಲಿ, ಲೋಹಾಮಂಡಿಯ ಕಬ್ಬಿಣದ ಸದ್ದು ಕೇಳುವಷ್ಟು ಹತ್ತಿರ. ಮಿಸ್ತ್ರಿಗೆ ಅರವತ್ತು ದಾಟಿರಬಹುದು. ಹುಡುಗರು ಉಸ್ತಾದ್ ಅನ್ನುತ್ತಾರೆ. ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಜಾಕ್ ಏರಿಸಿ, ಕೆಳಗೆ ಕಬ್ಬಿಣದ ಸ್ಟ್ಯಾಂಡು ಕೊಟ್ಟ ಮೇಲೆಯೇ ಚಕ್ರ ಬಿಚ್ಚಿದರು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಹತ್ತಿರ ಯಾರೂ ಕೈ ಹಾಕಬಾರದು. ಇದನ್ನು ಅವರು ಹುಡುಗರಿಗೆ ಬೈದು ಹೇಳುತ್ತಿದ್ದದ್ದು ನನಗೆ ಇಷ್ಟವಾಯಿತು. ಗಾಳಿ ಪೈಪು ಹಿಡಿದು ಧೂಳು ಊದಲು ಬಂದ ಹುಡುಗನನ್ನೂ ತಡೆದರು. ಬ್ರೇಕಿನ ಧೂಳು ಶ್ವಾಸಕ್ಕೆ ಹೋಗಬಾರದು. ಹಳೆಯ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದನ್ನು ಊದಿ ಊದಿ ಎದೆ ಕೆಡಿಸಿಕೊಂಡವರನ್ನು ತಾವು ಕಂಡಿದ್ದಾಗಿ ಹೇಳಿದರು. ಸ್ಪ್ರೇ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸುವುದು ಅವರ ಪದ್ಧತಿ.

ಕ್ಯಾಲಿಪರಿನ ಕೆಳಗಿನ ಬೋಲ್ಟು ತೆಗೆದು ಮೇಲಕ್ಕೆ ಮಡಚಿದರು. ಒಳಗಿನ ಪ್ಯಾಡು ಕೈಗೆ ಬಂತು. ಹೊರಗಿನದನ್ನೂ ತೆಗೆದು ಎರಡನ್ನೂ ಅಂಗೈ ಮೇಲೆ ಪಕ್ಕ ಪಕ್ಕ ಇಟ್ಟು ತೋರಿಸಿದರು. ಅಳತೆಪಟ್ಟಿ ಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಹೊರಗಿನದು ಎಂಟೂವರೆ ಮಿಲಿಮೀಟರು, ಒಳಗಿನದು ಆರು. ಹೊಸದಾಗಿದ್ದಾಗ ಎರಡೂ ಹತ್ತರ ಆಸುಪಾಸು. ಎರಡರ ಮೈಯೂ ಗಾಜಿನ ಹಾಗೆ ಹೊಳೆಯುತ್ತಿತ್ತು.

ಕಾರಣ ಮುಂದಿನ ಕ್ಷಣದಲ್ಲೇ ಸಿಕ್ಕಿತು. ಕ್ಯಾಲಿಪರ್ ಎಂಬುದು ಎರಡು ಪಿನ್ನಿನ ಮೇಲೆ ಅತ್ತಿತ್ತ ಸರಿದಾಡುವ ಹಿಡಿ. ಪಿಸ್ಟನ್ನು ಇರುವುದು ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಇಡೀ ಕ್ಯಾಲಿಪರ್ ಪಿನ್ನಿನ ಮೇಲೆ ಹಿಂದೆ ಸರಿದು ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ಪಿನ್ನು ಸರಿಯದಿದ್ದರೆ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ಅದು ಓರೆಯಾಗಿ ಸವೆದು, ಬಿಸಿಯಾಗಿ, ಕಂಪಿಸಲು ಶುರು ಮಾಡುತ್ತದೆ. ಮೇಲಿನ ಪಿನ್ನು ಬೆರಳಲ್ಲಿ ಎಳೆದರೆ ಬಂತು. ಕೆಳಗಿನದು ಅಲುಗಲಿಲ್ಲ. ಉಸ್ತಾದರು ಸ್ಪ್ಯಾನರ್ ಹಾಕಿ ತಿರುಗಿಸಿ ತಿರುಗಿಸಿ ಎಳೆದಾಗ ಈಚೆ ಬಂತು, ಅದರ ಗ್ರೀಸು ಒಣಗಿ ಕಂದು ಮೇಣವಾಗಿತ್ತು. ರಬ್ಬರ್ ಟೋಪಿಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಟೋಪಿ ಮಡಚಿ ಒಳಗಿನದನ್ನು ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದರು. ಕಪ್ಪು ಬ್ರೇಕಿನ ಧೂಳಿನ ನಡುವೆ ಬೂದು ಬಣ್ಣದ ನಯವಾದ ಮಣ್ಣು, ಅದರಲ್ಲಿ ಬೆಳ್ಳಿಯ ಹಾಗೆ ಮಿನುಗುವ ಚೂರುಗಳು. "ಗಂಗಾಜಿ ಕಾ ಮಾಟಿ" ಅಂದರು.

ಆ ಮಿನುಗು ಅಭ್ರಕದ್ದು. ಹಿಮಾಲಯದ ಬಂಡೆಯನ್ನು ತೇಯ್ದು ಗಂಗೆ ತರುವ ಮರಳಿನಲ್ಲಿ, ರೇವೆಯಲ್ಲಿ ಅಭ್ರಕ ಧಾರಾಳವಾಗಿದೆ. ಎದುರು ದಡದ ಮರಳು ಬಿಸಿಲಿಗೆ ಹೊಳೆಯುವುದು ಅದರಿಂದಲೇ. ಅದರ ಜೊತೆ ಸ್ಫಟಿಕಶಿಲೆಯ ಕಣಗಳೂ ಇರುತ್ತವೆ, ಅವು ಎರಕದ ಕಬ್ಬಿಣಕ್ಕೂ ಗೀರು ಹಾಕುವಷ್ಟು ಗಡಸು. ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರ ಮಹಾಪೂರದಲ್ಲಿ 73.901ಕ್ಕೆ ಏರಿದ್ದು ಇವತ್ತಿಗೂ ದಾಖಲೆ. ನದಿ ಅಪಾಯದ ಗೆರೆ ಮುಟ್ಟಿದ ವರ್ಷ ಅಸ್ಸಿ, ನಗವಾ, ಸಾಮ್ನೇ ಘಾಟಿನ ತಗ್ಗು ಗಲ್ಲಿಗಳಿಗೆ, ವರುಣೆಯ ದಡದ ಮನೆಗಳಿಗೆ ನೀರು ನುಗ್ಗುತ್ತದೆ. ಇಳಿದ ಮೇಲೆ ಘಾಟಿನ ಮೆಟ್ಟಿಲುಗಳ ಮೇಲೆ ಆಳೆತ್ತರ ಕೂತ ರೇವೆಯನ್ನು ಪಂಪು ಹಚ್ಚಿ ನೀರು ಚಿಮ್ಮಿಸಿ ಮತ್ತೆ ನದಿಗೇ ತಳ್ಳುವ ಕೆಲಸ ವಾರಗಟ್ಟಲೆ ನಡೆಯುತ್ತದೆ. ಮೆಟ್ಟಿಲನ್ನು ತೊಳೆಯುತ್ತಾರೆ, ಗಲ್ಲಿಯನ್ನು ತೊಳೆಯುವವರಿಲ್ಲ. ಅದು ಒಣಗಿ, ಟೈರಿಗೆ ಸಿಕ್ಕಿ, ಮೇಲೆದ್ದು, ಶರದೃತುವಿಡೀ ಗಾಳಿಯಲ್ಲಿರುತ್ತದೆ. ಶ್ರಾವಣದಲ್ಲಿ ತಂಗಿಯ ಮನೆಯ ಗಲ್ಲಿಯಲ್ಲೂ ಮೊಳಕಾಲುದ್ದ ನೀರು ನಿಂತಿತ್ತು, ಕಾರನ್ನು ಅದರಲ್ಲೇ ದಾಟಿಸಿ ಎತ್ತರದ ಜಾಗಕ್ಕೆ ಒಯ್ದಿದ್ದರು.

ಹಿಂದಿನ ಡ್ರಮ್ಮು ಬಿಚ್ಚಿದಾಗ ಆ ಶ್ರಾವಣ ಇಡಿಯಾಗಿ ಒಳಗಿತ್ತು. ಡ್ರಮ್ಮು ಮುಚ್ಚಿದ ಡಬ್ಬಿ, ಆದರೆ ಪೂರ್ತಿ ಮುಚ್ಚಿದ್ದಲ್ಲ. ಹಿಂದಿನ ತಗಡಿನ ಸಂದಿನಲ್ಲಿ ನೀರು ನುಗ್ಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಮಣ್ಣು ಉಳಿಯುತ್ತದೆ. ಬ್ರೇಕ್ ಶೂಗಳ ನಡುವೆ, ಸ್ಪ್ರಿಂಗಿನ ಸುರುಳಿಯಲ್ಲಿ, ಕೆಳಗಿನ ಮೂಲೆಯಲ್ಲಿ ಬೂದು ಪದರ ಕಟ್ಟಿತ್ತು. ಶೂಗಳು ತಗಡಿನ ಮೇಲೆ ಉಬ್ಬಿದ ಆರು ಚುಕ್ಕಿ ಜಾಗಗಳ ಮೇಲೆ ಕೂತು ಸರಿದಾಡುತ್ತವೆ. ಆ ಚುಕ್ಕಿಗಳ ಮೇಲಿನ ಗ್ರೀಸು ತೊಳೆದುಹೋಗಿ ಬರಿಯ ಕಬ್ಬಿಣ ಉಳಿದಿತ್ತು. ನರಳಾಟ ಅಲ್ಲಿಯದು. ಲೈನರು ಮಾತ್ರ ಹೊಸದರ ಹಾಗೇ ಇತ್ತು.

ಆಮೇಲಿನ ಕೆಲಸ ನಿಧಾನದ್ದು, ಆದರೆ ಗೊಂದಲವಿಲ್ಲದ್ದು. ಡ್ರಮ್ಮಿನ ಮಣ್ಣೆಲ್ಲ ಸ್ಪ್ರೇಯಲ್ಲಿ ತೊಳೆದು, ಆರು ಚುಕ್ಕಿಗೂ ಬೆರಳ ತುದಿಯಷ್ಟು ಗ್ರೀಸು ಸವರಿದರು. ಹೆಚ್ಚಾದರೆ ಲೈನರಿಗೆ ಹರಿದು ಬ್ರೇಕೇ ಹಿಡಿಯದಾಗುತ್ತದೆ ಎಂದು ಮತ್ತೆ ಮತ್ತೆ ಒರೆಸಿದರು. ಸದ್ದು ನಿಲ್ಲಿಸಲು ಡಿಸ್ಕಿಗೆ ಎಣ್ಣೆ ಹೊಡೆಯುವವರೂ ಇದ್ದಾರಂತೆ. ಅದು ಕೊಲೆಗಾರ ಕೆಲಸ, ಓದುಗರು ದಯವಿಟ್ಟು ಯಾರಿಗೂ ಹಾಗೆ ಮಾಡಗೊಡಬೇಡಿ. ಮುಂದಿನ ಪಿನ್ನುಗಳನ್ನು ಉಜ್ಜಿ, ಹೊಸ ಟೋಪಿ ಏರಿಸಿ, ಸಿಲಿಕೋನ್ ಗ್ರೀಸು ಹಚ್ಚಿ ಕೂರಿಸಿದರು. ಒಂದೇ ಬೆರಳಿಗೆ ಸರಿಯುತ್ತಿತ್ತು. ಪ್ಯಾಡು ಕೂರುವ ಸ್ಟೀಲ್ ಕ್ಲಿಪ್ಪುಗಳನ್ನು ತೆಗೆದು ಅಡಿಯ ತುಕ್ಕು ಕೆರೆದರು. ಪ್ಯಾಡುಗಳನ್ನು ಗಾಜಿನ ಹಲಗೆಯ ಮೇಲೆ ಹರಡಿದ ಎಮರಿ ಕಾಗದದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಚಿಮುಕಿಸಿ ಮೆಲ್ಲಗೆ ತಿಕ್ಕಿ ಆ ಗಾಜು ಹೊಳಪನ್ನು ತೆಗೆದರು. ಡಿಸ್ಕಿನ ದಪ್ಪವನ್ನು ವರ್ನಿಯರಿನಲ್ಲಿ ನಾಲ್ಕು ಕಡೆ ಅಳೆದರು. ಇಳಿಯಬಾರದ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೇ ಅಚ್ಚೊತ್ತಿರುತ್ತಾರೆ, ಅದನ್ನು ಒರೆಸಿ ತಂಗಿಗೆ ಓದಿಸಿದರು. ಒಂದು ಮಿಲಿಮೀಟರಿಗಿಂತ ಹೆಚ್ಚು ಬಾಕಿ ಇತ್ತು. ಬದಲಿಸಬೇಕಾದ ಡಿಸ್ಕು ಅದಲ್ಲವೇ ಅಲ್ಲ. ಚಕ್ರ ಏರಿಸಿ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ಸ್ಪ್ಯಾನರಿನಲ್ಲಿ ಒಂದೇ ಅಳತೆಗೆ ಬಿಗಿದರು. ಬರೀ ಕೈಯಂದಾಜಿನಲ್ಲಿ ಒಂದೊಂದು ನಟ್ಟನ್ನು ಒಂದೊಂದು ತರ ಬಿಗಿಯುವುದು ಒಳ್ಳೆಯ ಡಿಸ್ಕಿನ ಮೇಲೂ ಅನ್ಯಾಯದ ಒತ್ತಡ ಹಾಕುತ್ತದೆ.

ಗಾಡಿ ಕೆಳಗಿಳಿಸಿದ ಮೇಲೆ ಮೊದಲು ಪೆಡಲ್ಲನ್ನು ನಿಂತಲ್ಲೇ ಗಟ್ಟಿಯಾಗುವ ತನಕ ಒತ್ತಿಸಿದರು. ಪಿಸ್ಟನ್ನು ಒಳಗೆ ತಳ್ಳಿರುತ್ತಾರೆ, ಇದನ್ನು ಮರೆತು ಹೊರಟರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ.

ಉಳಿದದ್ದು ಪ್ಯಾಡನ್ನು ಡಿಸ್ಕಿಗೆ ಹೊಂದಿಸುವುದು. ಹೊಸ ಪ್ಯಾಡು ಹಾಕಿದಾಗ ಮಾಡಬೇಕಾದ ಈ ಕೆಲಸವನ್ನು ತಿಕ್ಕಿದ ಪ್ಯಾಡಿಗೂ ಮಾಡಬೇಕು, ಆದರೆ ಊರೊಳಗೆ ಆಗುವ ಮಾತಲ್ಲ. ಲಕ್ಸಾ ರಸ್ತೆಯಲ್ಲಿ ಮೂವತ್ತರ ವೇಗ ಮುಟ್ಟುವುದೇ ಕಷ್ಟ. ಪ್ಯಾಡಿನ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕಾದರೆ ಬಿಸಿ ಬೇಕು. ಸದಾ ಮೆಲ್ಲಗೆ ಒತ್ತಿಸಿಕೊಳ್ಳುವ ಪ್ಯಾಡಿಗೆ ಆ ಬಿಸಿ ಸಿಗುವುದಿಲ್ಲ. ಅದರ ಮೈ ನಯವಾಗುತ್ತಲೇ ಹೋಗುತ್ತದೆ, ಆಗ ಕಿರುಚುತ್ತದೆ. ಕಾಶಿಯ ಒಳಗೇ ಓಡುವ ಹೊಸ ಕಾರುಗಳು ಸಾಮಾನ್ಯವಾಗಿ ಬೇಗ ಮಾತಾಡತೊಡಗುವುದಕ್ಕೆ ಇದೂ ಒಂದು ಕಾರಣ ಎಂದು ಉಸ್ತಾದರು ಹೇಳಿದ್ದು ನನಗೆ ಸರಿಯೆನಿಸಿತು.

ಹಾಗಾಗಿ ಮಾರನೆಯ ಬೆಳಿಗ್ಗೆ ವರುಣೆ ದಾಟಿ ಹರಹುವಾ ಕಡೆ ಹೊರಟೆವು. 2018ರ ನವೆಂಬರಿನಲ್ಲಿ ಬಾಬತ್‌ಪುರ ವಿಮಾನ ನಿಲ್ದಾಣದ ನಾಲ್ಕು ಪಥದ ರಸ್ತೆಯ ಜೊತೆಗೇ ಉದ್ಘಾಟನೆಯಾದ ವರ್ತುಲ ರಸ್ತೆಯ ಮೊದಲ ಹಂತ ಇಲ್ಲಿ ಶುರುವಾಗಿ ಸಂದಹಾದವರೆಗೆ 16.55 ಕಿಲೋಮೀಟರ್ ಹೋಗುತ್ತದೆ. ನಸುಕಿನಲ್ಲಿ ಖಾಲಿ. ಎರಡೂ ಕಡೆ ಸಾಸಿವೆ, ಗೋಧಿಗೆ ಹದ ಮಾಡಿದ ಹೊಲ. ಹಿಂದೆ ಗಾಡಿ ಇಲ್ಲದ್ದನ್ನು ನೋಡಿಕೊಂಡು ತಂಗಿ ಅರವತ್ತರಿಂದ ಹದಿನೈದಕ್ಕೆ ಒಂದೇ ಹದದಲ್ಲಿ ಇಳಿಸುತ್ತಿದ್ದಳು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುತ್ತಿದ್ದಳು. ಎಂಟು ಹತ್ತು ಸಲ ಹೀಗೆ ಮಾಡಿ, ಆಮೇಲೆ ಐದಾರು ಕಿಲೋಮೀಟರ್ ಬ್ರೇಕು ಮುಟ್ಟದೆ ಗಾಳಿಗೆ ತಣಿಸಬೇಕು. ಬಿಸಿ ಡಿಸ್ಕಿನ ಮೇಲೆ ಪ್ಯಾಡು ಒತ್ತಿಕೊಂಡು ನಿಂತರೆ ಅದೇ ಜಾಗದಲ್ಲಿ ಕಲೆ ಕೂತು ಪೆಡಲ್ಲು ಅದುರತೊಡಗುತ್ತದೆ, ಆದ್ದರಿಂದ ಇದರ ನಡುವೆ ಎಲ್ಲೂ ನಿಲ್ಲಬಾರದು. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ ಸುಟ್ಟ ರಾಳದ ಸಣ್ಣ ವಾಸನೆ ಬಂತು, ಸ್ವಲ್ಪ ಹೊತ್ತಿಗೆ ಹೋಯಿತು. ವಾಪಸು ಬರುವಾಗ ಪಾಂಡೇಪುರದ ದಟ್ಟಣೆಯಲ್ಲಿ ಮೆಲ್ಲಗೆ, ಬೇಕೆಂದೇ ಮೆಲ್ಲಗೆ ಒತ್ತಿದಳು. ಮುಂದಿನ ಎಡ ಚಕ್ರದಿಂದ ಸದ್ದಿಲ್ಲ. ಹಿಂದಿನಿಂದಲೂ ಇಲ್ಲ.

ಸರ್ವೀಸ್ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ತಂಗಿ ತಾರೀಕು ಹಾಕಿ ಬರೆದುಕೊಂಡಿದ್ದಾಳೆ: ಮುಂದಿನ ಎಡ, ಒಳ ಪ್ಯಾಡು 6, ಹೊರ ಪ್ಯಾಡು 8.5. ಬಲಗಡೆಯ ಎರಡೂ 8. ಕೆಳಗೆ ಉಸ್ತಾದರು ಹೇಳಿದ ಎರಡು ಮಾತು: ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸರ್ವೀಸಿಗೆ ಕೊಟ್ಟಾಗ ಪಿನ್ನು ತೆಗೆಸಿ ಗ್ರೀಸು ಹಾಕಿಸುವುದು, ಗಂಗೆ ಗಲ್ಲಿಗೆ ಬಂದ ವರ್ಷ ನೀರಿಳಿದ ಮೇಲೆ ಹಿಂದಿನ ಡ್ರಮ್ಮು ತೆರೆಸುವುದು. ಒಳಗಿನ ಪ್ಯಾಡು ಮೂರಕ್ಕೆ ಬಂದ ದಿನ ಎಡ ಬಲ ಎರಡು ಚಕ್ರದ್ದೂ ಒಟ್ಟಿಗೆ ಬದಲಿಸಬೇಕು; ಈಗಿನ ಓಡಾಟದಲ್ಲಿ ಅದಕ್ಕೆ ಇನ್ನೂ ಸಮಯವಿದೆ.